ಬೇಸಿಗೆಯಲ್ಲಿ ಬಿರುಕು, ಕಕ್ಕಡದಲ್ಲಿ ಅಂಟು: ಹೈಡ್ರೋಜೆಲ್ ಫಿಲ್ಮಿನ ದೋಷ ಎಲ್ಲಿದೆ?

ಫೆಬ್ರುವರಿಯಲ್ಲಿ ಹೊಯ್ದ ಆಲ್ಜಿನೇಟ್ ಫಿಲ್ಮ್, ಅಂದರೆ ಕಡಲಪಾಚಿಯ ಪಾಲಿಮರಿನಿಂದ ಮಾಡಿದ, ನೀರು ಹೀರಿ ಉಬ್ಬುವ (ಹೈಡ್ರೋಜೆಲ್) ತೆಳು ಹಾಳೆ, ಮಡಚಿದರೆ ಟಕ್ಕೆಂದು ಮುರಿಯುತ್ತದೆ. ಅದೇ ಅಳತೆಯಲ್ಲಿ ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್ ಜಡಿಮಳೆಯಲ್ಲಿ) ಹೊಯ್ದದ್ದು ಬೆರಳಿಗೆ ಅಂಟಿಕೊಂಡೇ ತಟ್ಟೆಯಿಂದ ಏಳುತ್ತದೆ. ಮುರಿದರೆ ಹಾಳೆಯನ್ನು ಮೆತ್ತಗಾಗಿಸಲು ಸೇರಿಸುವ ಗ್ಲಿಸರಿನ್ ಏರಿಸು, ಅಂಟಿದರೆ ಇಳಿಸು ಎಂದು ಹೊರಟವರು ವರ್ಷವಿಡೀ ಅಳತೆ ಬದಲಾಯಿಸುತ್ತಲೇ ಇರಬೇಕಾಗುತ್ತದೆ. ಕೊಡಗಿನಲ್ಲಿ ಈ ಎರಡು ದೂರುಗಳ ಹಿಂದೆ ಬಹಳ ಸಲ ಇರುವುದು ಗ್ಲಿಸರಿನ್ ಅಲ್ಲ, ನೀರು.

ಆಲ್ಜಿನೇಟ್, ಸೀಗಡಿ-ಏಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ಮರಗೆಣಸಿನ ಪಿಷ್ಟ, ಜೆಲಟಿನ್ ಇವೆಲ್ಲದರ ಉದ್ದ ಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಪ್ಲಾಸ್ಟಿಸೈಜರ್ ಅಣು ನಡುವೆ ನುಸುಳಿ ಆ ಹಿಡಿತವನ್ನು ಸಡಿಲಿಸುತ್ತದೆ. ಆಗ ಹಾಳೆ ಬಾಗುತ್ತದೆ, ಹಿಗ್ಗುತ್ತದೆ. ಜೊತೆಗೆ ಎಳೆತ ತಡೆಯುವ ಬಲ ಇಳಿಯುತ್ತದೆ, ನೀರಾವಿ ಹೆಚ್ಚು ದಾಟುತ್ತದೆ. ಈ ಕೆಲಸಕ್ಕೆ ಗ್ಲಿಸರಿನ್ ಒಳ್ಳೆಯದೇ, ಆದರೆ ಅಣುತೂಕ 92. ನೀರಿನದು 18. ಗ್ರಾಂಗೆ ಗ್ರಾಂ ಲೆಕ್ಕದಲ್ಲಿ ನೀರಿಗಿಂತ ಚುರುಕಾದ ಪ್ಲಾಸ್ಟಿಸೈಜರ್ ಈ ಫಿಲ್ಮುಗಳಿಗೆ ಇಲ್ಲ. ಗ್ಲಿಸರಿನ್ ತಾನೂ ಗಾಳಿಯ ನೀರನ್ನು ಎಳೆದುಕೊಳ್ಳುವ ವಸ್ತುವಾದ್ದರಿಂದ, ಅದನ್ನು ಹಾಕಿದಷ್ಟೂ ಜಡಿಮಳೆಯ ಪಸೆ ಫಿಲ್ಮಿನೊಳಗೆ ಬಂದು ಕೂರುತ್ತದೆ. ಒಣಗಿಸಿ ಚೀಲ ಕಟ್ಟಿಟ್ಟ ಚೆರ್ರಿ ಕಾಫಿ ಮಳೆಗಾಲದಲ್ಲಿ ತೂಕ ಏರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಕಡಿಮೆಯಿರುವ ಕುಶಾಲನಗರದಲ್ಲಿ ಸರಿಯಾಗಿದ್ದ ಹಾಳೆ ಅದೇ ವಾರ ಜಡಿಮಳೆಯ ಭಾಗಮಂಡಲ ತಲುಪಿ ಮೆತ್ತಗಾದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಇಲ್ಲಿನ ಅಳತೆಗಳೆಲ್ಲ ಈ ಮೂಲ ಮಿಶ್ರಣಕ್ಕೆ: ಶೇ 2ರ ಸೋಡಿಯಂ ಆಲ್ಜಿನೇಟ್ ದ್ರಾವಣ, 100 ಗ್ರಾಂ ದ್ರಾವಣದಲ್ಲಿ 2 ಗ್ರಾಂ ಪುಡಿ, 0.6 ಗ್ರಾಂ ಗ್ಲಿಸರಿನ್, ಉಳಿದದ್ದು ಡಿಸ್ಟಿಲ್ಡ್ ನೀರು. 90 ಮಿ.ಮೀ. ಪೆಟ್ರಿ ತಟ್ಟೆಗೆ 20 ಗ್ರಾಂ ಹೊಯ್ದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದರೆ ಸುಮಾರು 60 ಮೈಕ್ರಾನ್ ದಪ್ಪದ ಹಾಳೆ ಸಿಗಬೇಕು. ಪುಡಿಯ ತೂಕಕ್ಕೆ ಹೋಲಿಸಿದರೆ ಗ್ಲಿಸರಿನ್ ಶೇ 30. ಪ್ರಬಂಧಗಳಲ್ಲಿ ‘ಶೇ 30’ ಎಂದು ಕಂಡ ಕೂಡಲೇ ಯಾವುದರ ಶೇಕಡ ಎಂದು ಕೇಳಿಕೊಳ್ಳಿ. ಒಟ್ಟು ಘನಪದಾರ್ಥದ ಲೆಕ್ಕ ಹಿಡಿದರೆ ಇದೇ ಮಿಶ್ರಣ ಶೇ 23 ಆಗುತ್ತದೆ. ಈ ಎರಡು ಲೆಕ್ಕ ಬೆರೆಸಿಕೊಂಡು ಹಾಳಾದ ಹಾಳೆಗಳಿಗೆ ಲೆಕ್ಕವಿಲ್ಲ.

ಮೊದಲು ಮೂರು ಪಟ್ಟಿ ಕತ್ತರಿಸಿ

ಅಳತೆಗೆ ಕೈ ಹಾಕುವ ಮುನ್ನ ದೋಷವಿರುವ ಹಾಳೆಯಿಂದಲೇ 10 ಮಿ.ಮೀ. ಅಗಲದ ಮೂರು ಪಟ್ಟಿ ಕತ್ತರಿಸಿ. ಗಾಳಿಯಾಡದ ಎರಡು ಡಬ್ಬಿ ಬೇಕು. ಒಂದರ ತಳದಲ್ಲಿ ಅಡುಗೆ ಉಪ್ಪಿನ ಸಂತೃಪ್ತ ದ್ರಾವಣ ಇಡಿ. ನೀರಿನಡಿ ಕರಗದ ಉಪ್ಪು ಗಂಜಿಯ ಹಾಗೆ ಉಳಿದಿರಬೇಕು. ಅದರ ಮೇಲಿನ ಗಾಳಿಯ ತೇವಾಂಶ ಶೇ 75ಕ್ಕೆ ನಿಲ್ಲುತ್ತದೆ, 20 ಡಿಗ್ರಿ ಇರಲಿ 25 ಇರಲಿ ಹೆಚ್ಚುಕಮ್ಮಿ ಅಷ್ಟೇ. ಕಲ್ಲುಪ್ಪು ಬೇಡ, ಅದರಲ್ಲಿರುವ ಮೆಗ್ನೀಸಿಯಂ ಲವಣ ಅಂಕಿಯನ್ನು ಕೆಳಕ್ಕೆ ಎಳೆಯುತ್ತದೆ. ಇನ್ನೊಂದು ಡಬ್ಬಿಗೆ ಮೆಗ್ನೀಸಿಯಂ ಕ್ಲೋರೈಡಿನ ಸಂತೃಪ್ತ ದ್ರಾವಣ. ಅಲ್ಲಿ ಶೇ 33. ಪಟ್ಟಿಗಳು ದ್ರಾವಣಕ್ಕೆ ತಾಗದಂತೆ ಜಾಲರಿಯ ಮೇಲೆ ಇಡಿ. ಮೂರನೆಯ ಪಟ್ಟಿ ಕೋಣೆಯಲ್ಲೇ ಇರಲಿ. 48 ಗಂಟೆ ಬಿಡಿ.

ಆಮೇಲೆ 10, 6, 3 ಮಿ.ಮೀ. ವ್ಯಾಸದ ಮೂರು ಕಂಬಿಗಳಿಗೆ ಪ್ರತಿ ಪಟ್ಟಿಯನ್ನೂ ದಪ್ಪದಿಂದ ಸಣ್ಣದಕ್ಕೆ ಒಂದೊಂದಾಗಿ ಸುತ್ತಿ. ಎಲ್ಲಿ ಬಿರುಕು ಬಿಟ್ಟಿತೋ ಆ ವ್ಯಾಸ ಬರೆದುಕೊಳ್ಳಿ. ಡಬ್ಬಿಯಿಂದ ತೆಗೆದ ಪಟ್ಟಿಯನ್ನು ಒಂದೆರಡು ನಿಮಿಷದೊಳಗೆ ಪರೀಕ್ಷಿಸಬೇಕು. ಅರವತ್ತು ಮೈಕ್ರಾನಿನ ಹಾಳೆ ಮಡಿಕೇರಿಯ ಮಂಜಿನ ಗಾಳಿಗೆ ಮೈಯೊಡ್ಡಿದರೆ ಬೇಗನೆ ತನ್ನ ಗುಣ ಬದಲಾಯಿಸುತ್ತದೆ.

ಶೇ 33ರಲ್ಲಿ ಮುರಿದು ಶೇ 75ರಲ್ಲಿ ಸಲೀಸಾಗಿ ಬಾಗಿದರೆ ಮಿಶ್ರಣ ಸರಿಯಾಗಿದೆ, ಆಟವಾಡುತ್ತಿರುವುದು ಗಾಳಿ. ಎರಡರಲ್ಲೂ ಅಂಟಿದರೆ ಪ್ಲಾಸ್ಟಿಸೈಜರ್ ನಿಜವಾಗಿಯೂ ಜಾಸ್ತಿ, ಇಲ್ಲವೇ ನೀರು ಕುಡಿಯುವ ಲವಣ ಫಿಲ್ಮಿನಲ್ಲಿ ಉಳಿದಿದೆ. ಶೇ 75ರಲ್ಲೂ ಮುರಿದರೆ ಮೂರು ಶಂಕೆ: ಗ್ಲಿಸರಿನ್ ಎಲ್ಲೋ ತೊಳೆದುಹೋಗಿದೆ, ಪಾಲಿಮರಿನ ಸರಪಳಿಯೇ ತುಂಡಾಗಿದೆ, ಅಥವಾ ಸರಪಳಿಗಳನ್ನು ಒಂದಕ್ಕೊಂದು ಬಿಗಿಯುವ ಅಡ್ಡಕೊಂಡಿ (ಕ್ರಾಸ್ ಲಿಂಕ್) ಅತಿಯಾಗಿದೆ. ಮುಂದಿನದೆಲ್ಲ ಈ ಫಲಿತಾಂಶ ಕೈಯಲ್ಲಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಅಂದಹಾಗೆ, ಗೋಡೆಯ ಹೈಗ್ರೋಮೀಟರನ್ನೂ (ಗಾಳಿಯ ತೇವಮಾಪಕ) ಒಂದು ರಾತ್ರಿ ಉಪ್ಪಿನ ಡಬ್ಬಿಯೊಳಗಿಟ್ಟು ನೋಡಿ. 75 ತೋರಿಸದಿದ್ದರೆ ಎಷ್ಟು ವ್ಯತ್ಯಾಸ ಎಂದು ಅದರ ಬೆನ್ನಿಗೇ ಚೀಟಿ ಅಂಟಿಸಿ.

ಅಂಟುತ್ತದೆ, ಬೆವರುತ್ತದೆ

ಮೊದಲು ತಕ್ಕಡಿಯ ತಪ್ಪು ನೋಡಿ. ಗ್ಲಿಸರಿನ್‌ನ ಸಾಂದ್ರತೆ 1.26. 0.6 ಗ್ರಾಂ ಬೇಕಾದಲ್ಲಿ 0.6 ಮಿ.ಲೀ. ಹಾಕಿದರೆ ಬೀಳುವುದು 0.756 ಗ್ರಾಂ, ಶೇ 30 ಎಂದುಕೊಂಡದ್ದು ಶೇ 38 ಆಯಿತು. ಇನ್ನು ಪಿಪೆಟ್‌ನಲ್ಲಿ ಎಳೆದರೆ ಗೋಡೆಗೆ ಅಂಟಿ ಉಳಿಯುವ ಪಾಲು ಬೇರೆ, ಅದು ಪ್ರತಿ ಸಲವೂ ಒಂದೇ ಇರುವುದಿಲ್ಲ. ಗ್ಲಿಸರಿನನ್ನು ಬೀಕರಿನೊಳಗೇ ತೂಗಿ, ಅದರ ಮೇಲೆ ನೀರು ಹಾಕಿ. ಶೀಶೆಯದು ನೀರು ಬೆರೆತ ಗ್ಲಿಸರಿನ್ ಎಂಬ ಅನುಮಾನವಿದ್ದರೆ 10 ಮಿ.ಲೀ. ತೂಗಿ ನೋಡಿ: 12.6 ಗ್ರಾಂ ಬಂದರೆ ಶುದ್ಧ, 12.2ರ ಹತ್ತಿರ ಬಂದರೆ ಅದರಲ್ಲಿ ಶೇ 15ರಷ್ಟು ನೀರಿದೆ. ಮಳೆಗಾಲದಲ್ಲಿ ಮುಚ್ಚಳ ಸಡಿಲಬಿಟ್ಟ ಶೀಶೆ ತಾನಾಗಿಯೇ ಅಲ್ಲಿಗೆ ತಲುಪುತ್ತದೆ.

ಎರಡನೆಯ ತಪ್ಪು ಪುಡಿಯಲ್ಲಿ ಅಡಗಿರುತ್ತದೆ. ಇದು ನಮ್ಮ ಊರಿನ ವಿಶೇಷ. ಆಲ್ಜಿನೇಟ್ ಪುಡಿಯಲ್ಲೂ ಪಿಷ್ಟದಲ್ಲೂ ಶೇ 10-15 ನೀರು ಮೊದಲೇ ಇರುತ್ತದೆ, ಮಳೆಗಾಲದಲ್ಲಿ ತೆರೆದಿಟ್ಟರೆ ಇನ್ನೂ ಏರುತ್ತದೆ. ಶೇ 15 ನೀರಿರುವ 2 ಗ್ರಾಂ ಪುಡಿಯಲ್ಲಿ ಪಾಲಿಮರ್ 1.7 ಗ್ರಾಂ ಮಾತ್ರ. ಅದಕ್ಕೆ 0.6 ಗ್ರಾಂ ಗ್ಲಿಸರಿನ್ ಎಂದರೆ ಶೇ 35. ಯಾರೂ ಏನೂ ಬದಲಾಯಿಸದೆ ಅಳತೆ ತಾನೇ ಬದಲಾಗಿದೆ. ಪುಡಿಯ 1 ಗ್ರಾಂ ಮಾದರಿಯನ್ನು 105 ಡಿಗ್ರಿಯಲ್ಲಿ 3 ಗಂಟೆ ಒಣಗಿಸಿ, ಒಣತೂಕದ ಮೇಲೆ ಲೆಕ್ಕ ಹಾಕಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಇದನ್ನು ಮಾಡದಿದ್ದರೆ ಬೇಸಿಗೆಯ ಹಾಳೆಗೂ ಮಳೆಗಾಲದ ಹಾಳೆಗೂ ಹೋಲಿಕೆ ಮಾಡುವುದರಲ್ಲಿ ಅರ್ಥವಿಲ್ಲ.

ಒಣಗಿಸಿದ ಫಿಲ್ಮಿನ ತೇವ ಅಳೆಯಲು ಇದೇ 105 ಡಿಗ್ರಿ ಬಳಸಬೇಡಿ. ನೀರಿನ ಜೊತೆ ಗ್ಲಿಸರಿನೂ ನಿಧಾನವಾಗಿ ಹಾರುತ್ತದೆ. ಅದರ ಕುದಿಬಿಂದು 290 ಡಿಗ್ರಿಯಾದರೂ ತೆಳುವಾದ ಹಾಳೆಯಿಂದ ರಾತ್ರಿಯಿಡೀ ಹೋಗುವ ಪಾಲು ಸಣ್ಣದಲ್ಲ. ಹೋದದ್ದೆಲ್ಲ ನೀರು ಎಂದು ಬರೆದುಕೊಂಡರೆ ತೇವಾಂಶದ ಅಂಕಿ ಉಬ್ಬುತ್ತದೆ. ಕಿತ್ತಳೆಯೋ ನೀಲಿಯೋ ಬಣ್ಣ ಉಳಿಸಿಕೊಂಡಿರುವ ತಾಜಾ ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆ) ತೂಕ ನಿಲ್ಲುವವರೆಗೆ ಇಡುವುದು ಮೇಲು, ಹೊತ್ತು ಹಿಡಿದರೂ ಸರಿ.

ಇಷ್ಟೆಲ್ಲ ಸರಿಯಿದ್ದೂ ಮಳೆಗಾಲದಲ್ಲಿ ಹಾಳೆ ಅಂಟುತ್ತಿದ್ದರೆ ಗ್ಲಿಸರಿನ್‌ನ ಅರ್ಧವನ್ನು ತೆಗೆದು ಅಷ್ಟೇ ತೂಕದ ಸಾರ್ಬಿಟಾಲ್ ಹಾಕಿ, ತಲಾ 0.3 ಗ್ರಾಂ. ಸಾರ್ಬಿಟಾಲಿನ ಅಣುತೂಕ 182, ಗ್ಲಿಸರಿನ್‌ನ ಇಮ್ಮಡಿ. ಒಂದೇ ತೂಕಕ್ಕೆ ಅಣುಗಳ ಸಂಖ್ಯೆ ಅರ್ಧ. ಗಾಳಿಯಿಂದ ಹೀರುವ ನೀರೂ ಕಡಿಮೆ. ಹಾಳೆ ಸ್ವಲ್ಪ ಬಿಗಿಯಾಗುತ್ತದೆ, ಆದರೆ ಕೈಗೆ ಅಂಟುವುದಿಲ್ಲ. ಅಂಗಡಿಯ ಸಾರ್ಬಿಟಾಲ್ ಬಹಳ ಸಲ ಶೇ 70ರ ಪಾಕವಾಗಿರುತ್ತದೆ, ಆಗ 0.3 ಗ್ರಾಂಗೆ 0.43 ಗ್ರಾಂ ಪಾಕ ತೂಗಬೇಕು.

ಇದೆಲ್ಲವನ್ನೂ ಮೀರಿ ಒಂದು ಮೋಸವಿದೆ. ಹಾಳೆಯ ಮೇಲೆ ಹನಿಹನಿಯಾಗಿ ಬೆವರು ಕಂಡರೆ ಅದು ಗ್ಲಿಸರಿನ್ ಎಂದೇ ಎಲ್ಲರೂ ತೀರ್ಮಾನಿಸುತ್ತಾರೆ. ಅಡ್ಡಕೊಂಡಿ ಹಾಕಲು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ‘ಸ್ನಾನ’ ಮಾಡಿಸಿದ ಹಾಳೆಯಾದರೆ, ಸರಿಯಾಗಿ ತೊಳೆಯದೆ ಉಳಿದ ಆ ಲವಣವೇ ಗಾಳಿಯ ನೀರು ಕುಡಿದು ಕರಗಿರಬಹುದು. ಕೊಡಗಿನ ಮಳೆಗಾಲದ ಗಾಳಿ ಅದಕ್ಕೆ ಹಬ್ಬದೂಟ. ಪತ್ತೆ ಸುಲಭ: ಹಾಳೆಯನ್ನು 5 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಅಲುಗಿಸಿ, ಆ ನೀರಿಗೆ ಶೇ 1.7ರ ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಡಿ. ಒಡೆದ ಹಾಲಿನಂತೆ ಬಿಳಿ ಗರಣೆ ಬಂದರೆ ಕ್ಲೋರೈಡ್ ಉಳಿದಿದೆ. ನಲ್ಲಿ ನೀರಿನಲ್ಲಿ ಮಾಡಿದರೆ ಯಾವಾಗಲೂ ಬಿಳಿಯೇ ಬರುತ್ತದೆ, ಏಕೆಂದರೆ ಆ ನೀರಿನಲ್ಲೇ ಕ್ಲೋರೈಡ್ ಇರುತ್ತದೆ. ಕೈಗವಸು ಹಾಕಿಕೊಳ್ಳಿ, ಸಿಲ್ವರ್ ನೈಟ್ರೇಟ್ ತಾಗಿದ ಬೆರಳು ದಿನಗಟ್ಟಲೆ ಕಪ್ಪಾಗಿ ಉಳಿಯುತ್ತದೆ.

ಕ್ಯಾಲ್ಸಿಯಂ ಸ್ನಾನದ ನಂತರ ಹಪ್ಪಳ

ಸ್ನಾನಕ್ಕೆ ಮುಂಚೆ ಮೆತ್ತಗಿದ್ದ ಹಾಳೆ ಸ್ನಾನ ಮುಗಿಸಿ ಒಣಗಿದ ಮೇಲೆ ಹಪ್ಪಳದಂತೆ ಸುರುಟಿ, ಮುಟ್ಟಿದರೆ ಮುರಿಯುತ್ತದೆ. ಅಡ್ಡಕೊಂಡಿ ಜಾಸ್ತಿಯಾಯಿತು ಎಂದು ಕ್ಯಾಲ್ಸಿಯಂ ಇಳಿಸುವವರೇ ಹೆಚ್ಚು. ಅಡ್ಡಕೊಂಡಿಯ ಪಾತ್ರ ಇಲ್ಲವೆಂದಲ್ಲ, ಆದರೆ ದೊಡ್ಡ ಕಳ್ಳತನ ಬೇರೆ ಕಡೆ ನಡೆದಿದೆ: ನೀರಿನಲ್ಲಿ ಕರಗುವ ಗ್ಲಿಸರಿನ್ ಸ್ನಾನದ ದ್ರಾವಣಕ್ಕೆ ಇಳಿದುಹೋಗಿದೆ.

ತೂಗಿ ನೋಡಿದರೆ ತಿಳಿಯುತ್ತದೆ. ನಮ್ಮ ಅಳತೆಯ ಒಂದು ತಟ್ಟೆಯಲ್ಲಿ 0.40 ಗ್ರಾಂ ಆಲ್ಜಿನೇಟ್, 0.12 ಗ್ರಾಂ ಗ್ಲಿಸರಿನ್, ಒಟ್ಟು 0.52. ಸ್ನಾನಕ್ಕೆ ಮುಂಚೆಯೂ ಆಮೇಲೂ ಹಾಳೆಯನ್ನು ಒಂದೇ ಡೆಸಿಕೇಟರಿನಲ್ಲಿ ಒಣಗಿಸಿ ತೂಗಿ. ಎರಡನೆಯ ತೂಕ 0.42 ಬಂದರೆ 0.10 ಗ್ರಾಂ ಹೋಗಿದೆ. ಸೋಡಿಯಂ ಹೊರಟು ಕ್ಯಾಲ್ಸಿಯಂ ಬಂದು ಕೂತದ್ದರಿಂದ ಆಗುವ ಇಳಿಕೆ ಆಲ್ಜಿನೇಟ್ ತೂಕದ ಶೇ 1.5ರಷ್ಟು, ಇಲ್ಲಿ 6 ಮಿಲಿಗ್ರಾಂ. ಉಳಿದದ್ದು ಬಹುಪಾಲು ಗ್ಲಿಸರಿನೇ.

ಪರಿಹಾರವೆಂದರೆ ಸ್ನಾನದ ದ್ರಾವಣದಲ್ಲೇ ಗ್ಲಿಸರಿನ್ ಇರಬೇಕು. ಎಷ್ಟು ಎನ್ನುವುದನ್ನು ಊಹಿಸಬೇಕಿಲ್ಲ. ಸ್ನಾನದಿಂದ ತೆಗೆದ ಹಸಿ ಹಾಳೆಯನ್ನು ಫಿಲ್ಟರ್ ಕಾಗದದ ಮೇಲೆ ಒತ್ತಿ ತೂಗಿ. 1.6 ಗ್ರಾಂ ಬಂತು ಎನ್ನೋಣ. ಪಾಲಿಮರ್ 0.4 ಕಳೆದರೆ ಹಾಳೆ ಹಿಡಿದಿಟ್ಟ ದ್ರವ 1.2 ಗ್ರಾಂ. ಒಣಗಿದ ಮೇಲೆ ಅದರಲ್ಲಿ 0.12 ಗ್ರಾಂ ಗ್ಲಿಸರಿನ್ ಉಳಿಯಬೇಕಾದರೆ ದ್ರವದಲ್ಲಿ ಶೇ 10 ಗ್ಲಿಸರಿನ್ ಇರಬೇಕು. ಹಾಗಾಗಿ ಶೇ 2ರ ಕ್ಯಾಲ್ಸಿಯಂ ಕ್ಲೋರೈಡ್ ಜೊತೆ ಶೇ 10 ಗ್ಲಿಸರಿನ್ ಸೇರಿಸಿ 5 ನಿಮಿಷ ಅದ್ದಿ. ಆಮೇಲೆ ತೊಳೆಯುವುದೂ ಸಾದಾ ನೀರಿನಲ್ಲಲ್ಲ, ಕ್ಯಾಲ್ಸಿಯಂ ಇಲ್ಲದ ಶೇ 10ರ ಗ್ಲಿಸರಿನ್ ನೀರಿನಲ್ಲಿ, ಪ್ರತಿ ಸಲ ಹೊಸದನ್ನು ತೆಗೆದುಕೊಂಡು, ಸಿಲ್ವರ್ ನೈಟ್ರೇಟ್ ಹನಿ ಸುಮ್ಮನಾಗುವವರೆಗೆ. ಸ್ನಾನದ ಮೇಲೆ ಸಾದಾ ನೀರಿನಲ್ಲಿ ಜಾಲಾಡಿದರೆ ಮಾಡಿದ್ದೆಲ್ಲ ಹೊಳೆಗೆ ಹೋಯಿತು. ಹಾಗಾದರೆ ಹೊಯ್ಯುವ ಮೊದಲ ದ್ರಾವಣಕ್ಕೆ ಗ್ಲಿಸರಿನ್ ಹಾಕುವ ಅಗತ್ಯವೇನು ಎಂದರೆ, ಸ್ನಾನಕ್ಕೆ ಮುಂಚೆ ತಟ್ಟೆಯಿಂದ ಸುಲಿಯಲು ಅದು ಬೇಕು, ಅಷ್ಟೇ.

ಒಣಗುವಾಗ ಹಾಳೆಯ ಅಂಚನ್ನು ಚೌಕಟ್ಟಿಗೆ ಕ್ಲಿಪ್ ಹಾಕಿ ಹಿಡಿಸಿ. ಇಲ್ಲದಿದ್ದರೆ ಗ್ಲಿಸರಿನ್ ಸರಿಯಿದ್ದರೂ ಸುರುಟಿಕೊಳ್ಳುತ್ತದೆ.

ಕೈಟೋಸಾನಿನಲ್ಲೂ ಇದೇ ಕತೆ ಬೇರೆ ವೇಷದಲ್ಲಿ ಬರುತ್ತದೆ. ಶೇ 1ರ ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಹೊಯ್ದ ಹಾಳೆ ಆಮ್ಲದ ಲವಣ ರೂಪದಲ್ಲಿರುವುದರಿಂದ ನೀರಿಗೆ ಹಾಕಿದರೆ ಉಬ್ಬಿ ಕರಗಿಹೋಗುತ್ತದೆ; ಅದನ್ನು ತಡೆಯಲು ಶೇ 4ರ ಕಾಸ್ಟಿಕ್ ಸೋಡಾದಲ್ಲಿ ಅದ್ದಿ ತೊಳೆಯುತ್ತಾರೆ. ತೊಳೆದಾಗ ಗ್ಲಿಸರಿನ್ ಹೋಗಿರುತ್ತದೆ. ಕೊನೆಯ ತೊಳೆತ ಗ್ಲಿಸರಿನ್ ನೀರಿನಲ್ಲಿ ಆಗಬೇಕು, ಲೆಕ್ಕ ಮೇಲಿನದೇ. ಅಸಿಟಿಕ್ ಆಮ್ಲದ ಬದಲು ಮನೆಯ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಆಗದೇ ಎಂದು ಕೇಳುವವರಿದ್ದಾರೆ. ಬೇಡ. ಅದರ ಹುಳಿ ಒಂದೇ ಬಗೆಯ ಆಮ್ಲವಲ್ಲ, ಒಂದು ಮನೆಯ ಕಾಚಂಪುಳಿಯಂತೆ ಇನ್ನೊಂದು ಮನೆಯದಿರುವುದಿಲ್ಲ, ಹಾಳೆ ಕಪ್ಪಾಗುತ್ತದೆ. ಅದು ಪಂದಿ ಕರಿಗೇ ಇರಲಿ.

ಎಲ್ಲ ತೇವದಲ್ಲೂ ಮುರಿಯುವ ಹಾಳೆ

ಸ್ನಾನವನ್ನೇ ಮಾಡಿಸದ ಹಾಳೆ ಶೇ 75ರಲ್ಲೂ ಮುರಿದರೆ ಮೊದಲು ಗ್ಲಿಸರಿನ್‌ನ ಅಳತೆ ತೀರ ಕಡಿಮೆಯೇ ನೋಡಿ. ‘ಶೇ 5 ಹಾಕಿ ನೋಡೋಣ, ಸ್ವಲ್ಪವಾದರೂ ಮೆತ್ತಗಾಗಲಿ’ ಎಂಬ ಯೋಚನೆ ಇಲ್ಲಿ ತಿರುಗುಬಾಣ. ಸ್ವಲ್ಪ ಗ್ಲಿಸರಿನ್ ಸರಪಳಿಗಳ ನಡುವಿನ ಸಂದುಗಳಲ್ಲಿ ಬಿಗಿಯಾಗಿ ಕೂತು, ಅಲ್ಲಿದ್ದ ನೀರಿನ ಜಾಗವನ್ನೂ ಹಿಡಿದು, ಹಾಳೆಯನ್ನು ಏನೂ ಹಾಕದ ಹಾಳೆಗಿಂತ ಗಡಸು ಮಾಡಬಲ್ಲದು. ಪಿಷ್ಟದ ಹಾಳೆಯಲ್ಲಿ ಸುಮಾರು ಶೇ 12ರವರೆಗೆ ಈ ವಿಚಿತ್ರ ಕಾಣುತ್ತದೆ. ಹೀಗಾಗಿ 5, 10 ಎಂದು ಮೆಟ್ಟಿಲು ಹತ್ತಬೇಡಿ. 20ರಿಂದ ಶುರುಮಾಡಿ 30, 40 ಎಂದು ಹೋಗಿ. 50ರ ಹತ್ತಿರ ಪಾಲಿಮರ್ ಹಿಡಿದುಕೊಳ್ಳಲಾರದೆ ಹೊರಗೆ ಕಕ್ಕಲು ಶುರುಮಾಡುತ್ತದೆ.

ಅಳತೆ ಸರಿಯಿದ್ದರೆ ಪಾಲಿಮರನ್ನೇ ಅನುಮಾನಿಸಿ. ಆಲ್ಜಿನೇಟ್ ದ್ರಾವಣವನ್ನು ಗಂಟೆಗಟ್ಟಲೆ ಕುದಿಸಿದರೆ, ಕೈಟೋಸಾನನ್ನು ವಾರಗಟ್ಟಲೆ ಆಮ್ಲದಲ್ಲಿ ಇಟ್ಟರೆ, ಜೆಲಟಿನನ್ನು 60 ಡಿಗ್ರಿಗಿಂತ ಮೇಲೆ ಬಹಳ ಹೊತ್ತು ಕಾಯಿಸಿದರೆ ಸರಪಳಿ ತುಂಡಾಗುತ್ತದೆ. ತುಂಡು ಸರಪಳಿಯ ಹಾಳೆಯನ್ನು ಯಾವ ಪ್ಲಾಸ್ಟಿಸೈಜರೂ ಉಳಿಸುವುದಿಲ್ಲ. ಹೊಸ ದ್ರಾವಣವನ್ನೂ ಹಳೆಯದನ್ನೂ ಒಂದೇ ಪಿಪೆಟ್‌ನಿಂದ ಇಳಿಬಿಟ್ಟು ಸೆಕೆಂಡು ಎಣಿಸಿ. ಹಳೆಯದು ಗಮನಾರ್ಹವಾಗಿ ಬೇಗ ಇಳಿದರೆ ಚೆಲ್ಲಿ.

ಪಿಷ್ಟದ ವಿಷಯದಲ್ಲಿ ಎರಡು ಮಾತು. ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರಿಗೂ ಎತ್ತರದಲ್ಲಿದೆ; ನೀರು ಇಲ್ಲಿ 96 ಡಿಗ್ರಿಗೇ ಕುದಿಯುತ್ತದೆ. ‘95 ಡಿಗ್ರಿಯಲ್ಲಿ 30 ನಿಮಿಷ’ ಎಂಬ ವಿಧಾನ ಬಯಲುಸೀಮೆಯಲ್ಲಿ ಕುದಿಗೆ ಮುಂಚಿನ ಬಿಸಿ, ಇಲ್ಲಿ ಬಹುತೇಕ ಕುದಿತವೇ. ನೀರು ಆವಿಯಾಗಿ ಗಂಜಿ ದಪ್ಪಗಾಗುತ್ತದೆ, ಹಾಳೆಯ ದಪ್ಪ ತಪ್ಪುತ್ತದೆ. ಪಾತ್ರೆ ಸಮೇತ ಮೊದಲೇ ತೂಗಿಟ್ಟು, ಕೊನೆಗೆ ಬಿಸಿನೀರಿನಿಂದ ತೂಕ ಸರಿದೂಗಿಸಿ. ಎರಡನೆಯದು, ಮೊದಲ ವಾರ ಚೆನ್ನಾಗಿ ಬಾಗಿದ ಪಿಷ್ಟದ ಹಾಳೆ ಮೂರು ವಾರದ ಮೇಲೆ ಅದೇ ತೇವದಲ್ಲಿ ಮುರಿದರೆ, ಅದು ತಂಗಳನ್ನ ಬಿರುಸಾಗುವ ಹಾಗೆ ಸರಪಳಿಗಳು ಮರಳಿ ಹರಳುಗಟ್ಟಿದ್ದು. ಗ್ಲಿಸರಿನ್ ಹೆಚ್ಚು, ತೇವ ಹೆಚ್ಚು ಎಂದಾದರೆ ಸರಪಳಿಗಳಿಗೆ ಓಡಾಟ ಸಲೀಸಾಗಿ ಈ ಹರಳು ಬೇಗ ಬೆಳೆಯುತ್ತದೆ. ಮುರಿಯಿತೆಂದು ಇನ್ನಷ್ಟು ಗ್ಲಿಸರಿನ್ ಹಾಕಿದರೆ ಹೊಸ ಹಾಳೆ ಮೆತ್ತಗಿದ್ದು, ಅದೂ ಮತ್ತೆ ಬಿರುಸಾಗುತ್ತದೆ.

ಬಿಳಿ ಮಬ್ಬು

ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವ ಬಿಳಿ ಪುಡಿ ಸಾರ್ಬಿಟಾಲ್ ಹೊರಬಂದು ಹರಳಾದದ್ದು. ಗ್ಲಿಸರಿನ್ ಪಾಲು ಏರಿಸಿದರೆ ನಿಲ್ಲುತ್ತದೆ. ಒರೆಸಿದರೂ ಹೋಗದ, ಹಾಳೆಯ ಒಳಗೇ ಇರುವ ಮಬ್ಬಾದರೆ ಲೆನ್ಸಿನಲ್ಲಿ ನೋಡಿ. ದುಂಡು ಚುಕ್ಕೆಗಳು ಗಾಳಿಗುಳ್ಳೆ. ಹೊಯ್ಯುವ ಮುಂಚೆ ದ್ರಾವಣವನ್ನು ಒಂದು ರಾತ್ರಿ ತಣ್ಣಗೆ ಬಿಡಿ. ಜೆಲಟಿನ್ ಆದರೆ ಹಾಗೆ ಬಿಡುವಂತಿಲ್ಲ, ಗಟ್ಟಿಯಾಗಿಬಿಡುತ್ತದೆ. 40 ಡಿಗ್ರಿಯಲ್ಲಿ ಒಂದು ಗಂಟೆ ಸಾಕು.

ಒಣಗಿಸುವುದರಲ್ಲಿ ಆಗುವ ಎಡವಟ್ಟು

20 ಮಿ.ಲೀ. ದ್ರಾವಣ 90 ಮಿ.ಮೀ. ತಟ್ಟೆಯಲ್ಲಿ 3 ಮಿ.ಮೀ. ಆಳ ನಿಲ್ಲುತ್ತದೆ. ತಟ್ಟೆಯ ಒಂದು ಅಂಚು 1 ಮಿ.ಮೀ. ತಗ್ಗಿದ್ದರೂ ಹಾಳೆಯ ಒಂದು ಬದಿ ಸರಾಸರಿಗಿಂತ ಶೇ 16 ದಪ್ಪ, ಎದುರು ಬದಿ ಅಷ್ಟೇ ತೆಳು. ಒವೆನಿನೊಳಗಿನ ಹಲಗೆಯನ್ನು ಮೇಸ್ತ್ರಿಯ ಮಟ್ಟಗೋಲಿನಿಂದ ನೋಡಿ. ಐದು ಕಡೆ ಮೈಕ್ರೊಮೀಟರ್ ಇಟ್ಟು ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಹಾಳೆಯನ್ನು ಎಳೆತದ ಪರೀಕ್ಷೆಗೆ ತೆಗೆದುಕೊಳ್ಳಬೇಡಿ.

ಮಳೆಗಾಲದಲ್ಲಿ ಕೋಣೆಯಲ್ಲೇ ಒಣಗಲಿ ಎಂದು ಬಿಟ್ಟರೆ ಅದು ಒಣಗುವುದೇ ಇಲ್ಲ. 20 ಡಿಗ್ರಿಯಲ್ಲಿ ಶೇ 95 ತೇವವಿರುವ ಗಾಳಿಯನ್ನು 40 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವ ಶೇ 30ಕ್ಕೆ ಇಳಿಯುತ್ತದೆ; ಒವೆನ್ ಮಾಡುವ ಕೆಲಸ ಇಷ್ಟೇ. ಆದರೆ ಆವಿ ಹೊರಹೋಗುವ ಕಿಂಡಿ ತೆರೆದಿರಬೇಕು. 60 ಡಿಗ್ರಿ ದಾಟಿಸಿದರೆ ಮೇಲ್ಮೈ ಕೆನೆಗಟ್ಟಿ ಒಳಗಿನ ನೀರು ಸಿಕ್ಕಿಹಾಕಿಕೊಳ್ಳುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೆ ಬಾಗಿಲು ತೆರೆಯದೆ ಕಿಂಡಿ ಮುಚ್ಚಿ. ಹೊರಗಿನ ಪಸೆ ಒಳಗೆ ಬಂದರೆ ಅರೆ ಒಣಗಿದ ಅಂಚು ಮತ್ತೆ ಕರಗಿ ಉಂಗುರದ ಗುರುತು ಉಳಿಯುತ್ತದೆ. ಅಂಥ ಹಾಳೆಯಲ್ಲಿ ಗ್ಲಿಸರಿನ್ ಒಂದೇ ಸಮ ಹಂಚಿಕೆಯಾಗಿರುವುದೂ ಅನುಮಾನ.

ಬೂಷ್ಟಿನ ಬಗ್ಗೆ: ಗ್ಲಿಸರಿನ್ ಇರುವ ಹಾಳೆಯನ್ನು ಒವೆನಿನಿಂದ ತೆಗೆದ ಕೂಡಲೇ ಸಿಲಿಕಾ ಜೆಲ್ ಜೊತೆ ಸೀಲು ಮಾಡಿ. ಪೊಟ್ಯಾಸಿಯಂ ಸಾರ್ಬೇಟ್ ಕೆಲಸ ಮಾಡುವುದು ಆಮ್ಲೀಯ ಮಿಶ್ರಣದಲ್ಲಿ, ತಟಸ್ಥ ಆಲ್ಜಿನೇಟಿನಲ್ಲಿ ಅದನ್ನು ನಂಬಬೇಡಿ.

ಉಬ್ಬುವ ಪರೀಕ್ಷೆಯ ಅಂಕಿ ಹೊಂದದಿದ್ದಾಗ

ಗ್ಲಿಸರಿನ್ ಹೆಚ್ಚಿಸಿದಷ್ಟೂ ಹೈಡ್ರೋಜೆಲ್ ಕಡಿಮೆ ಉಬ್ಬುತ್ತದೆ ಎಂಬ ಫಲಿತಾಂಶ ಬಂದರೆ ನಂಬುವ ಮುಂಚೆ ಲೆಕ್ಕ ತಿರುವಿ ಹಾಕಿ. ಗ್ಲಿಸರಿನ್ ಶೇ 23 ಇರುವ 1.00 ಗ್ರಾಂ ಒಣ ಹಾಳೆ ನೀರಿನಲ್ಲಿ ನೆನೆದು 3.77 ಗ್ರಾಂ ಆಯಿತು ಎಂದುಕೊಳ್ಳಿ. ಸಾಮಾನ್ಯ ಲೆಕ್ಕದಲ್ಲಿ ಉಬ್ಬಿದ್ದು 2.77 ಪಟ್ಟು. ಆದರೆ ನೆನೆಯುವಾಗ 0.23 ಗ್ರಾಂ ಗ್ಲಿಸರಿನ್ ನೀರಿಗೆ ಹೋಗಿದೆ. ಉಳಿದ ಪಾಲಿಮರ್ 0.77. ಅದು ಹಿಡಿದ ನೀರು 3.00 ಗ್ರಾಂ, ಅಂದರೆ 3.9 ಪಟ್ಟು. ನೆನೆಸಿ ತೂಗಿದ ಹಾಳೆಯನ್ನು ಮತ್ತೆ ಒಣಗಿಸಿ ತೂಗಿ, ಆ ಎರಡನೆಯ ಒಣತೂಕದಿಂದ ಭಾಗಿಸಿ.

ಇನ್ನು ಈ ಹಾಳೆಯಿಂದ ಏಲಕ್ಕಿಗೋ ಕರಿಮೆಣಸಿಗೋ ಪೊಟ್ಟಣ ಮಾಡುವ ಉದ್ದೇಶವಿದ್ದರೆ ಗ್ಲಿಸರಿನ್ ಅಳತೆ ತಿದ್ದುತ್ತಾ ಕೂರಬೇಡಿ. ಮೆತ್ತಗಾದಷ್ಟೂ ನೀರಾವಿ ದಾಟುವುದು ಹೆಚ್ಚು. ಮಳೆಗಾಲದಲ್ಲಿ ಒಳಗಿನ ಮೆಣಸು ಪಸೆ ಹಿಡಿಯುತ್ತದೆ. ಒಂದು ಬಟ್ಟಲಿಗೆ 10 ಗ್ರಾಂ ಒಣ ಸಿಲಿಕಾ ಜೆಲ್ ಹಾಕಿ, ಬಾಯಿಗೆ ಹಾಳೆ ಬಿಗಿದು ಮೇಣದಿಂದ ಅಂಚು ಮುಚ್ಚಿ, ಉಪ್ಪಿನ ಡಬ್ಬಿಯಲ್ಲಿಟ್ಟು ದಿನಕ್ಕೊಮ್ಮೆ ತೂಗಿ. ಪಕ್ಕದಲ್ಲಿ ಹಾಳೆಯ ಬದಲು ಸಾಮಾನ್ಯ ಪಾಲಿಥೀನ್ ಕಟ್ಟಿದ ಇನ್ನೊಂದು ಬಟ್ಟಲಿರಲಿ. ನಾಲ್ಕನೆಯ ದಿನದ ಎರಡು ತೂಕಗಳನ್ನು ಪಕ್ಕಪಕ್ಕ ಬರೆದಾಗ ಪೊಟ್ಟಣದ ಪ್ರಶ್ನೆ ಅಲ್ಲೇ ಇತ್ಯರ್ಥವಾಗುತ್ತದೆ.